ಬಲದಿಂದ ಎಣಿಸಿದ ನಾಲ್ಕನೆಯ ಮನೆ

ಮಹಲ್ಲಾ ಊರಿನ ಹತ್ತಿ ಗಿರಣಿಯ ಹಾಜರಿ ಕಚೇರಿಯಲ್ಲಿ ಇನ್ಶಿರಾಹ್ ಸಬ್ಬಾಗ್ ಅವರು ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದರು. ಅಷ್ಟು ವರ್ಷವೂ ಅವರ ಮೇಜಿನ ಮೇಲೆ ಒಂದು ಮಸಿಯ ಮೆತ್ತೆ ಇತ್ತು. ಪಾಳಿಗೆ ಬರುವ ಹೆಂಗಸರು ಸಾಲಾಗಿ ನಿಂತು ಅದಕ್ಕೆ ಹೆಬ್ಬೆರಳು ಒತ್ತಿ, ಪುಸ್ತಕಕ್ಕೆ ಗುರುತು ಹಾಕಿ ಒಳಗೆ ಹೋಗುತ್ತಿದ್ದರು. ನಿವೃತ್ತಿಯ ದಿನ ಜೊತೆಯವರು ಗೋಡೆ ಗಡಿಯಾರ ಕೊಡಲು ಬಂದಾಗ ಅವರು ಅದನ್ನು ಬೇಡವೆಂದು ಮಸಿಯ ಮೆತ್ತೆಯನ್ನು ಕೇಳಿ ಪಡೆದರು. ಮನೆಯ ದಾರಿಯಲ್ಲಿ ಕಾಲುವೆಯ ಸೇತುವೆ ಸಿಗುತ್ತದೆ. ಅಲ್ಲಿ ನಿಂತು ಮೆತ್ತೆಯನ್ನು ನೀರಿಗೆ ಎಸೆದರು. ಮರುವಾರ ತಮ್ಮ ಮನೆಯ ನೆಲಮಾಳಿಗೆಯಲ್ಲಿ ನಾಲ್ಕು ಬೆಂಚು ಹಾಕಿಸಿ, ಓದಲು ಬಾರದ ಗಿರಣಿ ಹೆಂಗಸರಿಗೆ ಅರಬ್ಬಿ ಓದುಬರಹದ ಪಾಠ ಶುರುಮಾಡಿದರು. ಆಗ ಅವರಿಗೆ ಅರವತ್ತು ವರ್ಷ. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲವೆಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ನಾನು ಆ ಬೆಂಚಿನ ಮೇಲೆ ಕುಳಿತಾಗ ನನಗೆ ನಲವತ್ತಮೂರು. ಹೊಸದಾಗಿ ಬಂದವಳ ಹೆಬ್ಬೆರಳನ್ನು ಅರ್ಧ ನಿಂಬೆಹಣ್ಣಿನಿಂದ ಉಜ್ಜಿ ತೊಳೆಸಿ, ಆಮೇಲೆ ಕೈಗೆ ಸೀಸದಕಡ್ಡಿ ಕೊಡುತ್ತಿದ್ದರು. ತಡವಾಗಿ ಬಂದವಳಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಚೆನ್ನಾಗಿ ಬರೆದವಳನ್ನು ಹೊಗಳುತ್ತಿರಲಿಲ್ಲ. ಸರಿಯಾಗಿರುವುದು ಸರಿಯಾಗಿರಬೇಕಾದದ್ದೇ, ಅದರಲ್ಲಿ ಹೊಗಳುವುದೇನಿದೆ ಎಂಬುದು ಅವರ ನಿಲುವು. ನಾವು ಅವರನ್ನು ‘ಅಬ್ಲಾ’ ಎಂದು ಕರೆಯುತ್ತಿದ್ದೆವು. ನಮ್ಮಲ್ಲಿ ಶಾಲೆಯ ಮಕ್ಕಳು ಮೇಡಮ್ಮನನ್ನು ಕರೆಯುವುದು ಹಾಗೆ. ಮೊಮ್ಮಕ್ಕಳಿದ್ದ ಹೆಂಗಸರೂ ಹಾಗೆಯೇ ಕರೆಯುತ್ತಿದ್ದರು.

ಅವರ ಪಾಠದ ಕ್ರಮ ಬೇರೆ ಯಾವ ತರಗತಿಯಲ್ಲಿಯೂ ಇರಲಿಲ್ಲ. ಅಲ್ಲಿ ಅಕ್ಷರಮಾಲೆಯಿಂದ ಆರಂಭವಿಲ್ಲ. “ಓದೋಕೆ ಬಾರದೆ ನಿನ್ನ ತಲೆ ತಗ್ಗಿಸಿದ ಪದ ಯಾವುದು? ಅದನ್ನ ತಗೊಂಡು ಬಾ” ಎನ್ನುತ್ತಿದ್ದರು. ಒಬ್ಬಳು ಔಷಧಿಯ ಡಬ್ಬಿ ತಂದಳು. ಅದರ ಮೇಲಿದ್ದದ್ದು ‘ಊಟಕ್ಕೆ ಮುಂಚೆ’. ಇನ್ನೊಬ್ಬಳು ಬಸ್ಸಿನ ಫಲಕವನ್ನು ನೆನಪಿನಿಂದ ಚಿತ್ರದಂತೆ ಬರೆದು ತಂದಳು. ಅದೇ ಪದದಿಂದ ಅವಳ ಅಕ್ಷರಾಭ್ಯಾಸ ಶುರು. ಪದ ಕೈವಶವಾದ ದಿನ ಅವಳು ಅದರ ಬಗ್ಗೆ ಒಂದು ವಾಕ್ಯವನ್ನು ಸ್ವತಃ ಬರೆಯಬೇಕು. ಅಬ್ಲಾ ಆ ಪದವನ್ನೂ ವಾಕ್ಯವನ್ನೂ ಅದರ ಕೆಳಗೆ ಅವಳ ಪೂರ್ತಿ ಹೆಸರನ್ನೂ ತಮ್ಮ ಲ್ಯಾಪ್‌ಟಾಪಿನಲ್ಲಿ ಸೇರಿಸುತ್ತಿದ್ದರು. ಹನ್ನೆರಡು ವರ್ಷಗಳಲ್ಲಿ ಹೀಗೆ ಇನ್ನೂರ ಎಂಬತ್ತಾರು ಪದಗಳಾಗಿದ್ದವು.

ನಫೂಸಾಳ ಪದದ ಸಂಗತಿ ಇಲ್ಲಿ ಹೇಳಲೇಬೇಕು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಈ ಹೆಸರು ಅವಳದಲ್ಲ. ನೂಲು ಸುತ್ತುವ ವಿಭಾಗದ ನಫೂಸಾ ಒಂದು ಕಾಗದ ತಂದಿದ್ದಳು. ಲಿಬಿಯಾಕ್ಕೆ ದುಡಿಯಲು ಹೋದ ಗಂಡನ ಕಡೆಯಿಂದ ಬಂದದ್ದು. ತಂದವನು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಕೆಲಸಕ್ಕೆ ಸಂಬಂಧಿಸಿದ ಪತ್ರವಿರಬೇಕೆಂದು ಅವಳು ಎರಡು ವರ್ಷ ಅದನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ಆ ಎರಡು ವರ್ಷವೂ ಗಂಡನ ಬಟ್ಟೆಗಳನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಮಡಚಿಡುತ್ತಿದ್ದಳು. ಅಬ್ಲಾ ಕಾಗದವನ್ನು ನೋಡಿದರು, ಓದಿ ಹೇಳಲಿಲ್ಲ. “ನಾನು ಓದಿದ್ರೆ ನನ್ನ ಬಾಯಿಂದ ಕೇಳಿದ ಹಾಗಾಗುತ್ತೆ. ನೀನೇ ಓದ್ಬೇಕು” ಎಂದರು. ಆರು ವಾರ ಹಿಡಿಯಿತು. ನಫೂಸಾ ಆ ಪದವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ, ಕೊನೆಗೆ ಗಟ್ಟಿಯಾಗಿ ಓದಿದಳು: ‘ವಿಚ್ಛೇದಿತೆ’. ಯಾರೂ ಅಳಲಿಲ್ಲ. ಅವಳಿಗಿಂತ ಮೊದಲು ಅಳುವ ಹಕ್ಕು ನಮಗಿರಲಿಲ್ಲ, ಅವಳು ಅಳಲಿಲ್ಲ. ಅಬ್ಲಾ ಮಾಡಿದ್ದು ಸರಿಯೋ ಕ್ರೌರ್ಯವೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಆ ಸಂಗತಿ ಬೆಂಚಿನಿಂದಾಚೆಗೆ ಹೋಗಲಿಲ್ಲ. ಬೀದಿಗೆ ನಫೂಸಾ ಇಂದಿಗೂ ಗಂಡ ಪರಸ್ಥಳದಲ್ಲಿರುವ ಹೆಂಗಸು.

ಈ ಪದಗಳನ್ನು ಪಠ್ಯಪುಸ್ತಕವಾಗಿ ಅಚ್ಚುಹಾಕಿಸಲು ಊರಿನ ಒಂದು ಸಂಘ ಒಪ್ಪಿತು. ಗುರುವಾರ ಮಧ್ಯಾಹ್ನದೊಳಗೆ ಹಸ್ತಪ್ರತಿ ಬರಬೇಕು, ಆಮೇಲೆ ಮುದ್ರಣಾಲಯ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕೆಲಸಕ್ಕೆ ಹೋಗುತ್ತದೆ, ಇನ್ನೊಂದು ಸರದಿ ಸಿಗುವುದಿಲ್ಲ ಎಂದು ಕಾರ್ಯದರ್ಶಿ ಖಡಾಖಂಡಿತವಾಗಿ ಹೇಳಿದ್ದ. ಆ ವಾರದ ಭಾನುವಾರ ಬೆಳಿಗ್ಗೆ ಅಬ್ಲಾ ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಟ್ಟಿತು. ಅವರು ಕಂಬಿ ಹಿಡಿದು ನಿಂತರು, ಲ್ಯಾಪ್‌ಟಾಪಿನ ಚೀಲ ಹನ್ನೊಂದು ಮೆಟ್ಟಿಲು ಉರುಳಿತು.

ಸೋಮವಾರ ಪಾಳಿ ಮುಗಿಸಿ ನಾನೂ ನಫೂಸಾಳೂ ಪಾಠದ ಕೋಣೆಗೆ ಹೋದಾಗ ಉಸ್ತಾ ಬರ್ಸೂಮ್ ಮೇಜಿನ ಮುಂದೆ ಕುಳಿತಿದ್ದರು. ನಮ್ಮ ಬೀದಿಯ ಟಿವಿ, ರೇಡಿಯೋ ರಿಪೇರಿಯವರು ಅವರು. ಕೈಕಸುಬಿನವರನ್ನು ನಾವು ಉಸ್ತಾ ಎನ್ನುತ್ತೇವೆ. ಲ್ಯಾಪ್‌ಟಾಪಿನ ಪರದೆ ಮೂಲೆಯಿಂದ ಮೂಲೆಗೆ ಬಿರಿದು, ಒಳಗೆ ಮಸಿ ಚೆಲ್ಲಿದಂತೆ ಪೂರಾ ಕಪ್ಪಾಗಿತ್ತು.

“ಅಬ್ಲಾ, ಇದು ಸತ್ತಿಲ್ಲ. ಕುರುಡಾಗಿದೆ ಅಷ್ಟೆ” ಎಂದರು ಬರ್ಸೂಮ್. “ಕಿವಿಗೊಟ್ಟು ಕೇಳಿ, ಫ್ಯಾನು ತಿರುಗ್ತಾ ಇದೆ. ಆನ್ ಮಾಡಿದ್ರೆ ರಾಗಾನೂ ಹಾಡ್ತು.”

“ಹಾಗಿದ್ರೆ ಇನ್ನೊಂದು ಕಣ್ಣು ಕೊಡು. ವೈದ್ಯರ ಥರ ಭಾಷಣ ಬೇಡ.”

“ಕೊಡ್ತೀನಿ. ಇಂಥ ಹಳೇ ಪರದೆ ಈಗ ಎಲ್ಲೂ ಸಿಗಲ್ಲ. ಅದಕ್ಕೇ ಹೊರಗಿನದು ತಂದಿದೀನಿ.” ಅವರು ಅಂಗಡಿಯಿಂದ ಹೊತ್ತು ತಂದಿದ್ದ ಅಗಲವಾದ ಮಾನಿಟರನ್ನು ತೋರಿಸಿದರು. “ಇದರಲ್ಲಿ ನೋಡ್ಕೊಂಡು ಕೆಲಸ ಮುಗಿಸಿ.”

ನಫೂಸಾ ಸುಮ್ಮನಿರುವವಳಲ್ಲ. “ಉಸ್ತಾ, ಹೋದ ವರ್ಷ ನಮ್ಮ ಟಿವಿ ನಿಮ್ಮ ಕೈಗೆ ಹೋಗಿ ಬಂದ ಮೇಲೆ ವಾರ್ತೆ ಓದೋರ ಮುಖ ಎಲ್ಲಾ ಹಸಿರಾಗಿತ್ತು.”

“ಅದು ಟಿವಿ ತಪ್ಪಲ್ಲ ಕಣಮ್ಮ. ವಾರ್ತೆಗಳೇ ಹಾಗಿದ್ವು.”

ಲ್ಯಾಪ್‌ಟಾಪಿನ ಪಕ್ಕದಲ್ಲಿ ಹದಿನೈದು ತೂತುಗಳ ನೀಲಿ ಬಾಯಿಯೊಂದಿತ್ತು. ಬರ್ಸೂಮ್ ತಂದ ಕೇಬಲ್ಲಿನ ತುದಿ ಅದಕ್ಕೆ ಹೊಂದುವಂಥದ್ದೇ. ಆದರೆ ಒಳಗೆ ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಒಂದು ಪಿನ್ ಬಾಗಿತ್ತು. ಅವರು ಉಸಿರು ಬಿಗಿಹಿಡಿದು ಚಿಮಟದಿಂದ ಅದನ್ನು ನೆಟ್ಟಗೆ ಮಾಡಿದರು. ಬಲ ಹಾಕದೆ, ಎರಡೂ ಕಡೆ ಸಮನಾಗಿ ಒತ್ತಿ ಕೂರಿಸಿದರು. ಅಕ್ಕಪಕ್ಕದ ತಿರುಪುಗಳನ್ನು ಬೆರಳಿನಿಂದಲೇ ಬಿಗಿದರು. ಮಾನಿಟರು ಎರಡು ಸಲ ಮಿಟುಕಿ ಬೆಳಗಿತು. ಅದರ ತುಂಬ ಒಡೆದ ಹತ್ತಿಕಾಯಿಯ ಚಿತ್ರ. ಅಬ್ಲಾ ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದ ಚಿತ್ರ ಅದೇ.

ನಫೂಸಾ ನಾಲಿಗೆ ಹೊರಳಿಸಿ ಮದುವೆಮನೆಯ ಕೂಗು ಹಾಕಿದಳು. ಅಬ್ಲಾ ಕೈಯೆತ್ತಿ ತಡೆದರು.

“ನನ್ನ ಕಡತಗಳೆಲ್ಲಿ?”

ಪರದೆಯ ಮೇಲೆ ಹತ್ತಿಯ ಹೊರತು ಏನೂ ಇರಲಿಲ್ಲ. ಪುಸ್ತಕ ಇಟ್ಟಿದ್ದ ಫೋಲ್ಡರಿನ ಹಳದಿ ಚೀಲದ ಗುರುತಿಲ್ಲ, ತೆರೆಯಲು ಒತ್ತುವ ಗುಂಡಿಗಳ ಸಾಲಿಲ್ಲ. ಅಬ್ಲಾ ಬೆಂಚಿನ ಮೇಲೆ ಕುಳಿತರು. ಪಾಠದ ಹೊತ್ತಿನಲ್ಲಿ ಅವರು ಕುಳಿತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಇನ್ನೊಂದು ಪ್ರತಿ ಇದೆಯಾ ಅಬ್ಲಾ?” ಎಂದು ಬರ್ಸೂಮ್ ಮೆಲ್ಲಗೆ ಕೇಳಿದರು.

“ಇಲ್ಲ. ನನ್ನ ಹೆಂಗಸರ ಮಾತು ಊರೆಲ್ಲ ಅಲೆಯೋದು ಬೇಡ ಅಂತ ಎಲ್ಲೂ ಇಟ್ಟಿಲ್ಲ.”

“ಹೆದರಬೇಡಿ. ಇದಕ್ಕೆ ತನ್ನ ಕಣ್ಣು ಒಡೆದಿರೋದು ಗೊತ್ತಿಲ್ಲ. ಸಾಮಾನೆಲ್ಲ ಹಳೇ ಪರದೆ ಮೇಲೇ ಹರಡಿದೆ. ಈ ಹೊಸದು ಅದರ ಪಾಲಿಗೆ ಪಕ್ಕದ ಖಾಲಿ ಕೋಣೆ. ‘ಹೊರಗಿನ ಪರದೆ ಒಂದೇ ಸಾಕು’ ಅಂತ ಅದಕ್ಕೆ ಹೇಳ್ಬೇಕು.”

ಹೇಳುವ ದಾರಿಯನ್ನು ಅವರು ವಿವರಿಸಿದರು. ಎರಡು ಕೀಗಳನ್ನು ಒಟ್ಟಿಗೆ ಒತ್ತಿದರೆ ಅಡ್ಡಸಾಲಿನಲ್ಲಿ ನಾಲ್ಕು ಮನೆಗಳು ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಲ್ಯಾಪ್‌ಟಾಪಿನ ಪರದೆ ಮಾತ್ರ. ಎರಡನೆಯದು ಎರಡರಲ್ಲೂ ಒಂದೇ ಚಿತ್ರ. ಮೂರನೆಯದು ಎರಡಕ್ಕೂ ಹರಡಿಕೊಳ್ಳುವುದು. ನಾಲ್ಕನೆಯದು ಹೊರಗಿನದು ಮಾತ್ರ. ತೊಡಕು ಒಂದೇ: ಆ ನಾಲ್ಕು ಮನೆಗಳು ಮೂಡುವುದೂ ಒಡೆದ ಪರದೆಯ ಮೇಲೆಯೇ. ಕುರುಡಾಗಿಯೇ ಎಣಿಸಬೇಕು.

“ಎಣಿಸೋದೇನು ಕಷ್ಟ! ನಾಲ್ಕನೆಯದು ಕೊನೇದು. ಬಲಗಡೆ ಬಾಣ ಮೂರು ಸಲ ಒತ್ತಿಬಿಟ್ರೆ ಎಲ್ಲಿದ್ರೂ ಕೊನೆಗೆ ಹೋಗಿ ನಿಲ್ಲುತ್ತೆ.” ಅವರು ಕೀ ಒತ್ತಿದರು, ಬಲದ ಬಾಣವನ್ನು ಗಟ್ಟಿಯಾಗಿ ಎಣಿಸುತ್ತ ಮೂರು ಸಲ ಒತ್ತಿದರು, ಒಪ್ಪಿಗೆಯ ಕೀ ಒತ್ತಿದರು.

ಹತ್ತಿಯ ಚಿತ್ರವೂ ಮಾಯವಾಯಿತು. ಮಾನಿಟರು ಕಪ್ಪಾಯಿತು.

ಮತ್ತೆ ಮಾಡಿದರು. ಕಪ್ಪು. ಕೇಬಲ್ ಬಿಚ್ಚಿ ಹಾಕಿ ಮಾಡಿದರು. ಕಪ್ಪು. ಐದನೆಯ ಸಲಕ್ಕೂ ಕಪ್ಪೇ. ಕನ್ನಡಕವನ್ನು ನೆತ್ತಿಗೆ ಏರಿಸಿ ಅವರು ಹಿಂದಕ್ಕೆ ಒರಗಿದರು. “ಬಿದ್ದ ಏಟಿಗೆ ಚಿತ್ರ ಕಳಿಸೋ ಭಾಗಾನೂ ಹೋಗಿರ್ಬೇಕು. ಬಿಚ್ಚಿ ಒಳಗಿನ ಬೋರ್ಡು ತೆಗೆದು ತಂತಾ ಪಟ್ಟಣಕ್ಕೆ ಕಳಿಸ್ಬೇಕು. ಅಲ್ಲಿ ನನಗೆ ಗೊತ್ತಿರೋನು ಒಬ್ಬ ಇದಾನೆ. ಒಂದು ವಾರ ತಗೋತಾನೆ.”

“ಗುರುವಾರ ಬೇಕು” ಎಂದರು ಅಬ್ಲಾ.

“ಗುರುವಾರ ಆಗಲ್ಲ ಅಬ್ಲಾ.”

ಅಬ್ಲಾ ತಮ್ಮ ಎರಡು ಕೈಗಳನ್ನೂ ಮುಚ್ಚಿದ ಪುಸ್ತಕದಂತೆ ಜೋಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು. ಹನ್ನೆರಡು ವರ್ಷದ ಕೆಲಸ ಆ ಲ್ಯಾಪ್‌ಟಾಪಿನ ಒಳಗೇ ಇದೆ, ನಾಲ್ಕು ಮೊಳದ ದೂರದಲ್ಲಿ, ತಲುಪುವ ದಾರಿಯಿಲ್ಲ. ಬರ್ಸೂಮ್ ತಿರುಪುಳಿ ಕೈಗೆತ್ತಿಕೊಂಡರು.

ನಫೂಸಾ ಆಗ ಕೇಳಿದಳು: “ಉಸ್ತಾ, ನಾಲ್ಕು ಮನೆ ಅಂದ್ರಲ್ಲ. ನೀವು ಯಾವ ಕಡೆಯಿಂದ ಎಣಿಸಿದ್ರಿ?”

“ಎಡದಿಂದ ಬಲಕ್ಕೆ. ಇನ್ಯಾವ ಕಡೆಯಿಂದ?”

“ಯಾಕೆ? ಸಾಲು ಶುರುವಾಗೋದು ಬಲದಿಂದ ಅಲ್ವಾ?”

ಬರ್ಸೂಮ್ ನಕ್ಕರು. “ಅಮ್ಮಾ, ಇದು ನಿನ್ನ ಕಾಪಿಪುಸ್ತಕ ಅಲ್ಲ. ಯಂತ್ರ. ಮೂವತ್ತು ವರ್ಷದಿಂದ ನೋಡ್ತಿದೀನಿ, ಎಲ್ಲಾ ಇಂಗ್ಲಿಷ್ ಲೆಕ್ಕ, ಎಡದಿಂದಲೇ.”

“ನನಗೆ ಇಂಗ್ಲಿಷ್ ಬರಲ್ಲ. ನನಗೆ ಗೊತ್ತಿರೋದು ಒಂದೇ ದಿಕ್ಕು” ಎಂದಳು ನಫೂಸಾ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದ ವಿಷಯ ಅದು.

ಅಬ್ಲಾ ಎದ್ದು ನಿಂತರು. ಲ್ಯಾಪ್‌ಟಾಪ್ ಮನೆಗೆ ಬಂದ ಮೊದಲ ವಾರದಲ್ಲಿಯೇ ಅವರು ಅದರ ಭಾಷೆಯನ್ನು ಬಲದಿಂದ ಎಡಕ್ಕೆ ಓದುವ ಅರಬ್ಬಿಗೆ ಬದಲಿಸಿದ್ದರು. ತಮ್ಮ ಹೆಂಗಸರ ಮುಂದೆ ಅವರ ಭಾಷೆ ಪರರ ಮನೆಯ ಅತಿಥಿಯಂತೆ ಮೂಲೆಯಲ್ಲಿ ಕುಳಿತಿರಬಾರದೆಂದು. ಆಗ ಎಡಮೂಲೆಯಲ್ಲಿದ್ದ ಗುಂಡಿ ಬಲಮೂಲೆಗೆ ಹೋಯಿತು, ಸಾಲುಗಳೆಲ್ಲ ಕನ್ನಡಿಯಲ್ಲಿಟ್ಟಂತೆ ತಿರುಗಿದವು. ಬರ್ಸೂಮ್ ಅವರ ಅಂಗಡಿಗೆ ಬರುವ ಯಂತ್ರಗಳೆಲ್ಲ ಇಂಗ್ಲಿಷಿನವೇ. ಅವನ್ನು ತರುವ ಹುಡುಗರಿಗೆ ಅದೇ ನಾಗರಿಕತೆ ಎನಿಸುತ್ತದೆ. ಅಬ್ಲಾಗೆ ಇದು ಗೊತ್ತಿತ್ತು. ಆದರೆ ಪರದೆ ಕಾಣದಾದಾಗ, ಬಲ್ಲವನೊಬ್ಬ ಎದುರು ಕುಳಿತು ಎಣಿಸತೊಡಗಿದಾಗ, ಅವರೂ ಅವನ ದಿಕ್ಕಿನಲ್ಲಿಯೇ ಎಣಿಸಿದ್ದರು. ಬಲಕ್ಕೆ ಮೂರು ಹೆಜ್ಜೆಯೆಂದರೆ ಅದು ಪ್ರತಿ ಸಲವೂ ಮೊದಲ ಮನೆಗೇ ಹೋಗಿ ನಿಲ್ಲುತ್ತಿತ್ತು: ಒಡೆದ ಪರದೆ ಮಾತ್ರ.

“ಏಳು ಬರ್ಸೂಮ್” ಎಂದರು. ತಾವೇ ಕುಳಿತು ಎರಡು ಕೀಗಳನ್ನು ಒತ್ತಿದರು. ಎಡದ ಬಾಣ, ಒಂದು, ಎರಡು, ಮೂರು. ಒಪ್ಪಿಗೆ.

ಮಾನಿಟರು ಬೆಳಗಿತು. ಹತ್ತಿಕಾಯಿ, ಅದರ ಬಲಬದಿಯಲ್ಲಿ ಮೇಲಿನಿಂದ ಕೆಳಗೆ ಚಿತ್ರಗಳ ಸಾಲು, ಅದರಲ್ಲಿ ಹಳದಿ ಚೀಲ.

“ನಫೂಸಾ ಹೇಳಿದ್ದು ಸರಿ” ಎಂದರು ಅಬ್ಲಾ. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತನ್ನು ನಾವು ಯಾರೂ ಕೇಳಿರಲಿಲ್ಲ.

ಅಂದಿಗೆ ಅಷ್ಟರಲ್ಲಿಯೇ ಮುಗಿಯಬಹುದಿತ್ತು. ಆದರೆ ಹಳೆಯ ಸಣ್ಣ ಪರದೆಯಲ್ಲಿ ಅಬ್ಲಾ ಒಬ್ಬರೇ, ಮುಖವಿಟ್ಟು, ಓದುತ್ತಿದ್ದ ಅಕ್ಷರಗಳು ಈಗ ಬಾಗಿಲಿನವರೆಗೂ ಕಾಣುವಷ್ಟು ದೊಡ್ಡವಾಗಿದ್ದವು. ಅವರು ಪುಸ್ತಕ ತೆರೆದರು. ಪುಟಗಳು ಸರಿಯಾಗಿವೆಯೇ ಎಂದು ಬರ್ಸೂಮ್ ಮೌಸಿನ ಚಕ್ರ ತಿರುಗಿಸುತ್ತ, ತಮ್ಮ ಗೆಲುವಿನ ಉತ್ಸಾಹದಲ್ಲಿ, ಕಂಡದ್ದನ್ನು ಗಟ್ಟಿಯಾಗಿ ಓದುತ್ತ ಹೋದರು. “ಊಟಕ್ಕೆ ಮುಂಚೆ... ಚೆನ್ನಾಗಿದೆ... ಬಾಗಿಲು ಎಳೆಯಿರಿ... ಹ್ಞಾ... ವಿಚ್ಛೇದಿತೆ. ‘ಈ ಪದವನ್ನು ನಾನು ಎರಡು ವರ್ಷ ಚೀಲದಲ್ಲಿ ಹೊತ್ತೆ.’ ನಫೂಸಾ ಅಬ್ದುಲ್...”

ಅವರು ನಿಲ್ಲಿಸಿದರು. ಚಕ್ರದ ಮೇಲಿನ ಬೆರಳು ಹಾಗೆಯೇ ನಿಂತಿತು. ಯಾರ ಮುಖವನ್ನೂ ನೋಡದೆ, “ನಾನು ಏನೂ ಓದಲಿಲ್ಲ. ನನ್ನ ಕನ್ನಡಕ ಅಂಗಡಿಯಲ್ಲಿದೆ” ಎಂದರು.

“ಕನ್ನಡಕ ನಿಮ್ಮ ತಲೆ ಮೇಲೇ ಇದೆ ಉಸ್ತಾ” ಎಂದಳು ನಫೂಸಾ. “ಅದಿಲ್ಲದೇನೂ ಓದೋ ಅಷ್ಟು ದೊಡ್ಡದಿದೆ. ಓದಿದ್ರಿ. ಹೋಗ್ಲಿ ಬಿಡಿ.”

ಬರ್ಸೂಮ್ ಸಾಮಾನು ಕಟ್ಟಿಕೊಂಡು, ಮಾನಿಟರನ್ನು ಅಲ್ಲಿಯೇ ಬಿಟ್ಟು ಹೊರಟರು. ಬಾಗಿಲಲ್ಲಿ ತಿರುಗಿ, “ಅಮ್ಮಾ ನಫೂಸಾ, ನಿನ್ನ ಟಿವಿ ತಂದ್ಕೊಡು, ಬಣ್ಣ ಸರಿಮಾಡ್ತೀನಿ” ಎಂದರು. ಆ ಮನುಷ್ಯ ಆ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲವೆಂದು ಇಲ್ಲಿ ಬರೆಯುವುದು ನನ್ನ ಕರ್ತವ್ಯ.

ಅಬ್ಲಾ ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿದರು. ಒತ್ತಿದ ಹೆಬ್ಬೆಟ್ಟಿನ ಜಾಗದಲ್ಲಿ ಹೆಸರು ಇರಬೇಕು, ಅಚ್ಚಿನಲ್ಲಿ ತನ್ನ ಹೆಸರು ಕಾಣುವುದು ಪ್ರತಿಯೊಬ್ಬಳಿಗೂ ಸಲ್ಲಬೇಕಾದ ಗೌರವ ಎಂದು ಅವರು ನಂಬಿದ್ದರು. ಆ ಅಚ್ಚನ್ನು ಇಡೀ ಊರು ಓದುತ್ತದೆ ಎಂಬುದನ್ನು ಅವರು ಅಕ್ಷರದ ಗಾತ್ರ ದೊಡ್ಡದಾಗುವವರೆಗೆ ಯೋಚಿಸಿರಲಿಲ್ಲ.

“ಇದು ನನ್ನ ತಪ್ಪು” ಎಂದರು. “ನಿನ್ನನ್ನ ಕೇಳದೆ ನಿನ್ನ ಹೆಸರು ಕೊಡೋಕೆ ಹೊರಟಿದ್ದೆ.”

“ಇರ್ಲಿ ಅಬ್ಲಾ. ನನಗೇನು ಭಯ? ಹೆಸರು ಇರ್ಲಿ.”

“ಈಗ ಬೇಡ. ಬುಧವಾರ ಹೇಳು. ಈಗ ಮಾತಾಡ್ತಿರೋದು ನಿನ್ನ ಹಮ್ಮು.”

ಮಂಗಳವಾರ ಮತ್ತು ಬುಧವಾರ ಅಬ್ಲಾ ಮಂಡಿಗೆ ಬಟ್ಟೆ ಬಿಗಿದುಕೊಂಡು ಮನೆಯಿಂದ ಮನೆಗೆ ನಡೆದರು. ಗಿರಣಿಯ ಬಾಗಿಲಲ್ಲಿ ಪಾಳಿ ಬದಲಾಗುವಾಗ ನಿಂತರು, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತರು. ಪಟ್ಟಿ ನನ್ನ ಕೈಯಲ್ಲಿತ್ತು. ಪ್ರಶ್ನೆ ಒಂದೇ: ನಿನ್ನ ಪದದ ಕೆಳಗೆ ನಿನ್ನ ಹೆಸರು ಇರಲೋ ಬೇಡವೋ? ಹೆಚ್ಚಿನವರು ಇರಲಿ ಎಂದರು. ಒಬ್ಬಳು ಹೆಸರು ಇನ್ನೂ ದಪ್ಪ ಅಕ್ಷರದಲ್ಲಿ ಬರಲಿ, ನನ್ನ ಅತ್ತಿಗೆಗೆ ಕಾಣಬೇಕು ಎಂದಳು. ಕೆಲವರು ಬಾಗಿಲ ಸಂದಿಯಿಂದಲೇ ತಲೆಯಲ್ಲಾಡಿಸಿದರು. ತೀರಿಕೊಂಡವರು ಹತ್ತೊಂಬತ್ತು ಜನ. ಅವರ ಮಕ್ಕಳು ಇರಲಿ ಎಂದರೂ ಅಬ್ಲಾ ಒಪ್ಪಲಿಲ್ಲ. “ಪದ ತಂದವಳು ಅವಳು. ಒಪ್ಪಬೇಕಾದೋಳೂ ಅವಳೇ” ಎಂದು ಆ ಹೆಸರುಗಳನ್ನೂ, ಹುಡುಕಿದರೂ ಸಿಗದವರ ಹೆಸರುಗಳನ್ನೂ ತೆಗೆದರು.

ಬುಧವಾರ ಪಾಳಿ ಮುಗಿಸಿ ನಫೂಸಾ ಬಂದಳು. ತಲೆವಸ್ತ್ರದ ಮೇಲೆ ಹತ್ತಿಯ ಎಳೆಗಳು ಅಂಟಿದ್ದವು. ಅವಳು ಬೆಂಚಿನ ಮೇಲೆ ಕೂರಲಿಲ್ಲ.

“ತೆಗೆದ್ಬಿಡಿ ಅಬ್ಲಾ” ಎಂದಳು. “ಮಗಳನ್ನ ನೋಡೋಕೆ ಬರ್ತಿದಾರೆ. ಅವಳದೊಂದು ಆಗ್ಲಿ. ಅಪ್ಪ ಲಿಬಿಯಾದಲ್ಲೇ ಇರ್ಲಿ ಅಲ್ಲಿವರೆಗೆ.”

“ವಾಕ್ಯ?”

“ವಾಕ್ಯ ಇರ್ಲಿ. ಪದಾನೂ ಇರ್ಲಿ. ಹೆಸರು ಮಾತ್ರ.”

ಅಬ್ಲಾ ಪುಟವನ್ನು ತೆರೆದು, ಕುರ್ಚಿಯಿಂದ ಎದ್ದು, ಅವಳನ್ನು ಕೂರಿಸಿದರು. ಅಳಿಸುವ ಕೀಯನ್ನು ತೋರಿಸಿದರು. ಇಡೀ ಹೆಸರನ್ನು ಒಮ್ಮೆಗೇ ಆರಿಸಿ ತೆಗೆಯುವ ಉಪಾಯ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ. ನಫೂಸಾ ತೋರುಬೆರಳಿನಿಂದ ಒಂದೊಂದೇ ಸಲ ಒತ್ತಿದಳು. ಸಾಲಿನ ಎಡತುದಿಯಿಂದ, ಕೊನೆಯ ಅಕ್ಷರದಿಂದ, ಅವಳ ತಾತನ ಹೆಸರು ಹೋಯಿತು, ತಂದೆಯ ಹೆಸರು ಹೋಯಿತು. ತನ್ನ ಸ್ವಂತ ಹೆಸರಿಗೆ ಬಂದಾಗ ಸ್ವಲ್ಪ ನಿಂತಳು. ಬರೆಯಲು ಕಲಿತ ಎರಡನೆಯ ಪದ ಅವಳಿಗೆ ಅದು. ಆಮೇಲೆ ಅದೂ ಅಕ್ಷರ ಅಕ್ಷರವಾಗಿ ಬಲಕ್ಕೆ ಸರಿಯುತ್ತ ಮುಗಿಯಿತು.

ಗುರುವಾರ ಹನ್ನೊಂದೂವರೆಗೆ ಅಬ್ಲಾ ಪುಸ್ತಕವನ್ನು ಸಂಘದ ಕಾರ್ಯದರ್ಶಿಯ ಕೈಗೆ ಕೊಟ್ಟರು. ಹೆಸರಿಲ್ಲದ ಜಾಗಗಳನ್ನು ಕಂಡು ಅವನು, ಇವನ್ನು ಮುಚ್ಚಿ ಪುಟ ಉಳಿಸಬಹುದು ಎಂದ. ಅಬ್ಲಾ, ಒಂದು ಸಾಲೂ ಮೇಲಕ್ಕೆ ಏರಬಾರದು, ಖಾಲಿ ಇರುವುದು ಖಾಲಿಯಾಗಿಯೇ ಅಚ್ಚಾಗಬೇಕು ಎಂದು ಹೇಳಿ, ಅವನಿಂದ ಬರೆಸಿಕೊಂಡು ಬಂದರು. ಹಾಗೆಯೇ ಅಚ್ಚಾಯಿತು.

ಈಗ ಆ ಪುಸ್ತಕ ನಮ್ಮ ಬೆಂಚುಗಳ ಮೇಲಿದೆ. ಅಬ್ಲಾ ಅವರ ದನಿ ಕ್ಷೀಣಿಸಿರುವುದರಿಂದ ಹೊಸಬರಿಗೆ ವಾರದಲ್ಲಿ ಎರಡು ದಿನ ನಫೂಸಾ ಓದಿಸುತ್ತಾಳೆ. ಮೊನ್ನೆ ಬಣ್ಣದ ವಿಭಾಗದಿಂದ ಬಂದ ಹೆಂಗಸೊಬ್ಬಳು ಆ ಪುಟದಲ್ಲಿ ಬೆರಳಿಟ್ಟು ಕೇಳಿದಳು: “ಇದರ ಕೆಳಗೆ ಯಾಕೆ ಹೆಸರಿಲ್ಲ?”

ಅಬ್ಲಾ ಬಾಯಿ ತೆರೆಯುವ ಮೊದಲೇ ನಫೂಸಾ ಉತ್ತರಿಸಿದಳು.

“ಕೇಳಿದ್ರು. ಬೇಡ ಅಂದ್ಲು. ಮುಂದೆ ಓದು.”